ಬಿಳಿ ಆಡಿ ಗೆಲ್ಲುತ್ತದೆ

ಪುಸ್ತಕದಲ್ಲಿದ್ದ ಚೆಸ್ ಸಮಸ್ಯೆಯೊಂದರ ಚಿತ್ರದ ಕೆಳಗೆ ಅಚ್ಚಾಗಿದ್ದ ‘ಬಿಳಿ ಆಡಿ ಗೆಲ್ಲುತ್ತದೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ಫಲಿತಾಂಶವನ್ನು ಅವರೇ ಹೇಳಿಬಿಟ್ಟಿದ್ದಾರಲ್ಲ ಮಾವ, ಇನ್ನು ನೀವು ಹುಡುಕುವುದೇನು?’ ಎಂದು ಅಕ್ಕನ ಮಗ ಕೇಳಿದಾಗ ನನಗೆ ವಿಪರೀತ ಸಿಟ್ಟು ಬಂತು. ಆ ಪ್ರಶ್ನೆಗೆ ಉತ್ತರವಿದೆ. ಆದರೆ ಅದಕ್ಕೂ ಮೊದಲು ಗ್ಲಾಸ್ಗೋದಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಬೇಕು.

1895ರ ಮೇ ತಿಂಗಳಲ್ಲಿ ‘ಗ್ಲಾಸ್ಗೋ ವೀಕ್ಲಿ ಸಿಟಿಜನ್’ ಪತ್ರಿಕೆಯ ಚೆಸ್ ಅಂಕಣಕಾರ ಬಾರ್ಬಿಯೇ, 1875ರಲ್ಲಿ ಫೆಂಟನ್ ಮತ್ತು ಪಾಟರ್ ಆಡಿದ್ದ ಆಟವೊಂದರ ಕೊನೆಯನ್ನು ತಮ್ಮ ನೆನಪಿನಲ್ಲಿ ಉಳಿದಿದ್ದಂತೆ ಎತ್ತಿಕೊಂಡು, ಕಪ್ಪು ಆಡಿ ಡ್ರಾ ಮಾಡುತ್ತದೆ ಎಂಬ ಒಕ್ಕಣೆಯೊಡನೆ ಪ್ರಕಟಿಸಿದರು. ಮಣೆಯ ಮೇಲೆ ನಾಲ್ಕೇ ಕಾಯಿ: ಬಿಳಿಗೆ ರಾಜ ಮತ್ತು ರಾಣಿಯಾಗಲು ಒಂದೇ ಹೆಜ್ಜೆ ಬಾಕಿಯಿರುವ ಕಾಲಾಳು, ಕಪ್ಪಿಗೆ ಎ1ರ (ಕಂಬಸಾಲಿಗೆ ಅಕ್ಷರ, ಅಡ್ಡಸಾಲಿಗೆ ಅಂಕಿ ಇಟ್ಟು ಮನೆಗಳನ್ನು ಹೀಗೆ ಗುರುತಿಸುತ್ತಾರೆ) ಮೂಲೆಯಲ್ಲಿ ಕುಳಿತ ರಾಜ ಮತ್ತು ಒಂದು ಆನೆ. ಆನೆ ಚೆಕ್ ಕೊಡುತ್ತ ಕೊಡುತ್ತ ಬಿಳಿ ರಾಜನನ್ನು ಒಂದೊಂದೇ ಮನೆ ಕೆಳಗಿಳಿಸುತ್ತದೆ. ಅವನು ಸಿ2ಕ್ಕೆ ಬಂದೊಡನೆ ಡಿ4ಕ್ಕೆ ಹೋಗಿ ಹೊಂಚು ಹಾಕುತ್ತದೆ. ಈಗ ಕಾಲಾಳು ರಾಣಿಯಾದರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆದರೆ ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದೆಯೇ ಕಪ್ಪಿಗೆ ಆಡಲು ನಡೆಯಿಲ್ಲದೆ ಆಟ ಡ್ರಾ; ಹೊಡೆಯದಿದ್ದರೆ ರಾಣಿಯೇ ಹೋಗುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತೆಂದು ಬಾರ್ಬಿಯೇ ನಂಬಿದ್ದರು.

ಅದೇ ಊರಿನಲ್ಲಿ ನೆಲೆಸಿದ್ದ ಸ್ಪೇನಿನ ಪಾದ್ರಿ ಫರ್ನಾಂಡೋ ಸಾವೇದ್ರಾ ಮಾತ್ರ ನಂಬಲಿಲ್ಲ. ಕೊನೆಯ ಸಾಲು ಮುಟ್ಟಿದ ಕಾಲಾಳು ರಾಣಿಯೇ ಆಗಬೇಕೆಂದಿಲ್ಲ; ಸಿ8ರಲ್ಲಿ ರಾಣಿಯ ಬದಲು ಆನೆಯನ್ನು ಪಡೆದರೆ ಸ್ಟೇಲ್‌ಮೇಟಿನ ಮಾತೇ ಇಲ್ಲ, ಎ8ರಿಂದ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಬೆದರಿಕೆ ಬೇರೆ. ಅದನ್ನು ತಡೆಯಲು ಕಪ್ಪು ಆನೆ ಎ4ಕ್ಕೆ ಓಡಬೇಕು. ಆಗ ಬಿಳಿ ರಾಜ ಬಿ3ರಲ್ಲಿ ಕಾಲಿಟ್ಟರೆ ಒಂದು ಪಕ್ಕದಲ್ಲಿ ಆನೆ ಬೀಳುತ್ತದೆ, ಇನ್ನೊಂದು ಪಕ್ಕದಲ್ಲಿ ಸಿ1ರಿಂದ ಮೇಟ್ ಕಾದಿರುತ್ತದೆ. ಎಂತೆಂಥ ಪಂದ್ಯಾವಳಿ ಗೆದ್ದವರನ್ನು ಮರೆತ ಚೆಸ್ ಲೋಕ ಈ ಒಂದೇ ನಡೆಗಾಗಿ ಪಾದ್ರಿಯ ಹೆಸರನ್ನು ಇಂದಿಗೂ ಹೇಳುತ್ತದೆ. ಅಕ್ಕನ ಮಗನಿಗೆ ನನ್ನ ಉತ್ತರವೂ ಇದೇ: ಅಚ್ಚಾದ ಫಲಿತಾಂಶ ದಾರಿಯನ್ನು ಹೇಳುವುದಿಲ್ಲ, ಕೆಲವೊಮ್ಮೆ ಅದೇ ತಪ್ಪಾಗಿರುತ್ತದೆ.

ಹೀಗೆ ತಪ್ಪು ಹಿಡಿಯುವ ಕೆಲಸವನ್ನು ಈಗ ಕಂಪ್ಯೂಟರ್ ಎಂಬ ಯಂತ್ರ ಸಗಟಾಗಿ ಮಾಡುತ್ತಿದೆ. ಏಳು ಕಾಯಿಗಳವರೆಗಿನ ಸ್ಥಿತಿಗಳಿಗೆ ತೀರ್ಪು ಬರೆದಿಟ್ಟ ಕೋಷ್ಟಕಗಳು ಬಂದ ಮೇಲೆ ಹಳೆಯ ರಚನೆಗಳಲ್ಲಿ ಎಷ್ಟೋ ತಪ್ಪುಗಳು ಹೊರಬಿದ್ದಿವೆ. ಸತ್ಯ ಹೊರಬಂದದ್ದಕ್ಕೆ ನನ್ನ ತಕರಾರಿಲ್ಲ. ಗುಂಡಿಯೊತ್ತಿ ತಪ್ಪು ಹಿಡಿದವರು ತಾವೇ ಕಂಡುಹಿಡಿದಂತೆ ಬೀಗುವುದನ್ನು ನೋಡಲಾಗುವುದಿಲ್ಲ.

ಯಂತ್ರಕ್ಕಿಂತ ಹೆಚ್ಚು ಕೋಪ ಬರುವುದು, ಚಿತ್ರದ ಪಕ್ಕದಲ್ಲೇ ಪರಿಹಾರವನ್ನು ಅಚ್ಚು ಹಾಕುವ ಪುಸ್ತಕಗಳ ಮೇಲೆ. ಅಂಗೈಯಿಂದ ಎಷ್ಟೇ ಬಿಗಿಯಾಗಿ ಮುಚ್ಚಿಕೊಂಡರೂ ಬೆರಳ ಸಂದಿಯಲ್ಲಿ, ಅದ್ಭುತ ನಡೆಯ ಮುಂದೆ ಹಾಕುವ ಒಂದು ಆಶ್ಚರ್ಯಸೂಚಕ ಚಿಹ್ನೆ ಕಂಡೇ ಕಾಣುತ್ತದೆ. ಮೂರನೆಯ ನಡೆಗೆ ಆ ಚಿಹ್ನೆಯಿದೆಯೆಂದು ತಿಳಿದ ಮೇಲೆ, ಸಹಜವಾಗಿ ತೋರುವ ನಡೆಗಳನ್ನೆಲ್ಲ ಬಿಟ್ಟು ಶುದ್ಧ ಮೂರ್ಖತನವೆಂದು ತೋರುವುದನ್ನು ಆರಿಸಿಕೊಂಡರೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಅದನ್ನು ಬಿಡಿಸಿದ್ದು ಎಂದು ಕರೆಯುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.