ಮದ್ದುಸೊಪ್ಪಿನ ಪಾಯಸ ಮತ್ತು ಹಾಟ್‌ಸ್ಪಾಟ್ ಲೆಕ್ಕ

ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ ಅವ್ವ ಪಾಯಸಕ್ಕೆಂದು ಒಲೆ ಮೇಲೆ ಮದ್ದುಸೊಪ್ಪು ಇಟ್ಟಿದ್ದರು. ಎಲೆ ಹಸಿರು. ಕುದಿ ಬರುತ್ತಿದ್ದ ಹಾಗೇ ನೀರು ಗಾಢ ನೇರಳೆಗೆ ತಿರುಗಿತು, ಮನೆ ತುಂಬ ಅದರದ್ದೇ ಘಮ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ತಾನಾಗಿ ಹುಟ್ಟದ ಗಿಡ ಅದು.

ಇಂಥ ಗಿಡಗಳನ್ನು ಎಣಿಸಿಯೇ ಜೀವವೈವಿಧ್ಯದ 'ಹಾಟ್‌ಸ್ಪಾಟ್' ಗುರುತಿಸುವುದು. 1988ರಲ್ಲಿ ನಾರ್ಮನ್ ಮೈಯರ್ಸ್ ಎಂಬ ಬ್ರಿಟಿಷ್ ಪರಿಸರ ವಿಜ್ಞಾನಿ ಶುರು ಮಾಡಿದ ಲೆಕ್ಕ. ಈಗಿನ ಷರತ್ತು ಎರಡು. ಬೇರೆಲ್ಲೂ ಇಲ್ಲದ ಗಿಡಮರಗಳು ಕನಿಷ್ಠ 1500 ಜಾತಿ ಇರಬೇಕು. ಜೊತೆಗೆ ಅಲ್ಲಿನ ಮೂಲ ಹಸಿರಿನಲ್ಲಿ ಶೇ 70ರಷ್ಟಾದರೂ ಹಾಳಾಗಿರಬೇಕು. ಈ ಎರಡನೆಯದನ್ನು ನಾವು ಹೇಳುವುದೇ ಇಲ್ಲ. 'ಹಾಟ್‌ಸ್ಪಾಟ್‌ಗೆ ಸ್ವಾಗತ' ಅಂತ ಹೋಂಸ್ಟೇ ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆಸುತ್ತೇವೆ. ಅಮೆಜಾನ್ ಕಾಡು ಆ ಪಟ್ಟಿಯಲ್ಲಿ ಇಲ್ಲ, ಗೊತ್ತಾ? ಅದರ ಬಹುಪಾಲು ಇನ್ನೂ ನಿಂತಿದೆ, ಅದಕ್ಕೆ.

2000ನೇ ಇಸವಿಯಲ್ಲಿ ಮೈಯರ್ಸ್ ಮತ್ತು ಸಂಗಡಿಗರು 25 ಜಾಗಗಳನ್ನು ಹೋಲಿಸಿದರು. ಈಗ ಪಟ್ಟಿ 36ಕ್ಕೆ ಬೆಳೆದಿದೆ. ಆಂಡೀಸ್ ಬೆಟ್ಟಸಾಲಿನಲ್ಲಿ ಅಲ್ಲಿಗೇ ಸೀಮಿತವಾದ ಗಿಡಗಳು 20,000 ಜಾತಿ. ಪಶ್ಚಿಮ ಘಟ್ಟ, ಶ್ರೀಲಂಕಾ ಎರಡೂ ಸೇರಿ 2180. ನಮ್ಮದು ಸಣ್ಣ ಲೆಕ್ಕ ಅನಿಸುತ್ತದೆ, ಅಲ್ವಾ? ಆದರೆ ಆಂಡೀಸ್‌ನಲ್ಲಿ ಮೂಲ ಹಸಿರು ಶೇ 25 ಉಳಿದಿತ್ತು, ನಮ್ಮಲ್ಲಿ ಶೇ 6.8. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಈ ಅಂಕಿಯನ್ನು.

ತೋಟದಲ್ಲೇ ನೋಡಿ. ಅಜ್ಜನ ಕಾಲದಲ್ಲಿ ಕಾಫಿಗೆ ನೆರಳು ಅಂದರೆ ನಂದಿ, ಹೊನ್ನೆ, ಬೀಟೆ, ಅತ್ತಿ, ಹಲಸು. ಒಂದೊಂದೇ ಹೋದವು, ಆ ಜಾಗಕ್ಕೆ ಸಿಲ್ವರ್ ಓಕ್ ಬಂತು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ನೆಟ್ಟಗೆ ಹತ್ತುತ್ತದೆ, ಕಡಿದು ಮಾರಲು ತಕರಾರು ಕಡಿಮೆ. ಬೆಳೆಗಾರರ ಕಷ್ಟ ನನಗೂ ಗೊತ್ತು. ಕಾಫಿ ರೇಟು ಬಿದ್ದ ವರ್ಷ ನಾವೂ ನೆಟ್ಟವರೇ. ಆದರೆ ಅದು ಪೂರ್ವ ಆಸ್ಟ್ರೇಲಿಯಾದ ಮರ. ಅಲ್ಲಿನ ಕಾಡೂ 2011ರಲ್ಲಿ ಇದೇ ಹಾಟ್‌ಸ್ಪಾಟ್ ಪಟ್ಟಿ ಸೇರಿತು. ಅವರ ಕಾಡು ಅಲ್ಲಿ ಕರಗುತ್ತಿದೆ, ಅವರ ಮರ ನೆಡಲು ನಮ್ಮ ಮರ ಇಲ್ಲಿ ಬೀಳುತ್ತಿದೆ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಅವ್ವ ಈ ಸಲ ಮದ್ದುಸೊಪ್ಪು ಕೊಯ್ದು ತಂದದ್ದು ತೋಡಿನ ಬದಿಯ ಹಳೆ ಅತ್ತಿಮರದ ಅಡಿಯಿಂದ. ಹೋದ ವರ್ಷ ಮರ ಕಪಾತಿನ (ಕೊಂಬೆ ಸವರುವ) ಹೊತ್ತಲ್ಲಿ ಅದನ್ನು ಬುಡಸಮೇತ ತೆಗೆಸೋಣ ಎಂಬ ಮಾತು ಬಂದಿತ್ತು. ನಾನು ಒಪ್ಪಲಿಲ್ಲ. ಈ ಮಳೆಗಾಲ ಸಿಲ್ವರ್ ಓಕ್ ತೆಗೆದ ಜಾಗದಲ್ಲಿ ಹತ್ತು ನಂದಿ, ನಾಲ್ಕು ಹೊನ್ನೆ ಸಸಿ ನೆಟ್ಟಿದ್ದೇವೆ. ಯಾರ ಹತ್ತಿರವಾದರೂ ಬಳಂಜಿ ಸಸಿ ಇದ್ದರೆ ತಿಳಿಸಿ, ಬಂದು ಒಯ್ಯುತ್ತೇನೆ.