ಬಸ್ಸಲ್ಲಿ ಎಷ್ಟು ಮಕ್ಕಳಿದ್ರು ಅಂತ ಯಾರಿಗೂ ಗೊತ್ತಿರ್ಲಿಲ್ಲ

ತುಂಬಾ ದಿನದಿಂದ ಬರೀಬೇಕು ಅನ್ಕೊಂಡು ಬರೆಯೋಕೆ ಆಗಿರ್ಲಿಲ್ಲ, ಇವತ್ತು ಬರೀತಿದೀನಿ, ನನ್ನ ಮಗಳ ಸ್ಕೂಲ್ ಬಸ್ಸಿಗೆ ಆದ ಆಕ್ಸಿಡೆಂಟ್ ಬಗ್ಗೆ. ಸ್ಕೂಲ್ ಹೆಸರು ಹಾಕಲ್ಲ, ಯಾರೂ ಕೇಳ್ಬೇಡಿ. ದಾವಣಗೆರೇಲಿ ಬೇರೆ ಬೇರೆ ಸ್ಕೂಲಿಗೆ ಮಕ್ಕಳನ್ನ ಕಳಿಸೋ ನನ್ನ ಫ್ರೆಂಡ್ಸ್‌ನ ಕೇಳ್ದೆ, ಅವರ ಬಸ್ಸುಗಳಲ್ಲೂ ಪರಿಸ್ಥಿತಿ ಇದೇ.

ನವೆಂಬರ್ ತಿಂಗಳಲ್ಲಿ ನಡೆದಿದ್ದು. ಹದಡಿ ಕಡೆ ಓಡಾಡೋರಿಗೆ ಗೊತ್ತಿರುತ್ತೆ, ಮೆಕ್ಕೆಜೋಳ ಬಂತು ಅಂದ್ರೆ ಅರ್ಧ ರಸ್ತೆ ಕಣ ಆಗುತ್ತೆ, ಕಾಳು ಹರಡಿ ಸುತ್ತ ಕಲ್ಲಿಟ್ಟಿರ್ತಾರೆ, ಉಳಿದ ಅರ್ಧದಲ್ಲಿ ಎರಡೂ ಕಡೆ ಗಾಡಿ ಹೋಗ್ಬೇಕು. (ರೈತರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ನಮ್ಮ ಮಾವನವರೂ ಅಲ್ಲೇ ಒಣಗಿಸೋದು, ಬೇರೆ ಜಾಗ ಎಲ್ಲಿದೆ?) ಸಂಜೆ ಐದು ಗಂಟೆ ಸುಮಾರಿಗೆ ಎದುರಿಂದ ಜೋಳ ತುಂಬಿದ ಟ್ರ್ಯಾಕ್ಟರ್ ಬಂದಿದೆ, ಬಸ್ ಡ್ರೈವರ್ ಎಡಕ್ಕೆ ತಗೊಂಡಿದಾರೆ, ಮಣ್ಣು ಕುಸಿದು ಬಸ್ಸು ಚಾನಲ್ (ನೀರಿನ ಕಾಲುವೆ) ಪಕ್ಕದ ತಗ್ಗಿಗೆ ವಾಲಿದೆ. ಪೂರ್ತಿ ಮಗುಚಲಿಲ್ಲ, ಚಾನಲ್ಲಿಗೂ ಬೀಳಲಿಲ್ಲ. ಒಬ್ಬ ಹುಡುಗನ ಕೈ ಮುರೀತು, ಇನ್ನೂ ಐದಾರು ಮಕ್ಕಳಿಗೆ ತುಟಿ ಹಣೆ ಒಡೀತು. ನನ್ನ ಮಗಳಿಗೆ ಮೊಣಕೈ ತರಚಿತ್ತು ಅಷ್ಟೇ.

ನನಗೆ ವಿಷಯ ಗೊತ್ತಾಗಿದ್ದು ಸ್ಕೂಲಿಂದ ಅಲ್ಲ, ಹೊಲದಲ್ಲಿದ್ದ ನಮ್ಮೂರಿನ ಹುಡುಗ ಫೋನ್ ಮಾಡಿದ, "ಅಕ್ಕಾ, ಸ್ಕೂಲ್ ಬಸ್ ಬಿದ್ದೈತೆ, ಬೇಗ ಬಾ". ನಮ್ಮನೆಯವರು ಹರಿಹರಕ್ಕೆ ಹೋಗಿದ್ರು, ಅಪ್ಪನ ಗಾಡಿ ಹಿಂದೆ ಕೂತು ಹೋದೆ. ಆ ನಾಲ್ಕು ಕಿಲೋಮೀಟರ್ ಹೆಂಗೆ ಹೋದ್ವಿ ಅಂತ ಈಗ್ಲೂ ನೆನಪಾಗ್ತಿಲ್ಲ.

ಅಪ್ಪ ಕೆಎಸ್ಸಾರ್ಟಿಸಿಲಿ ಕಂಡಕ್ಟರ್ ಆಗಿದ್ರು. ಮೊಮ್ಮಗಳನ್ನ ನೋಡಿದ್ಮೇಲೆ ಅಲ್ಲಿದ್ದ ಆಯಾಗೆ ಅವರು ಕೇಳಿದ ಮೊದಲ ಮಾತು, "ಎಷ್ಟು ಮಕ್ಕಳಿದ್ರಮ್ಮ ಗಾಡೀಲಿ?" ಆಯಾ ಅಳ್ತಾ ಮೂವತ್ತೆರಡು ಅಂದ್ರು. ಡ್ರೈವರ್ ಮೂವತ್ತೊಂದು ಇರ್ಬೇಕು ಅಂದ್ರು. ಸ್ಕೂಲಿಗೆ ಫೋನ್ ಮಾಡಿದ್ರೆ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ "ಆ ರೂಟಿಗೆ ಮೂವತ್ತಾರು ಮಕ್ಕಳು ಫೀಸ್ ಕಟ್ಟಿದಾರೆ" ಅಂದ್ರು. ಅಲ್ಲಿ ರಸ್ತೆ ಮೇಲೆ ನಿಂತಿದ್ದು ಮೂವತ್ತು. ಇನ್ನು ಉಳಿದೋರು ಬಸ್ಸೊಳಗಿದಾರಾ, ಚಾನಲ್ ಕಡೆ ಬಿದ್ರಾ, ಅವತ್ತು ಸ್ಕೂಲಿಗೇ ಬಂದಿರ್ಲಿಲ್ವಾ? ಹುಡುಗರು ನೀರಿಗಿಳಿದು ಹುಡುಕೋಕೆ ಶುರು ಮಾಡಿದ್ರು. ಎರಡನೇ ಕ್ಲಾಸಿನ ಮಗುವಿನ ತಾಯಿ ಒಬ್ರು ಮಗಳು ಕಾಣ್ತಿಲ್ಲ ಅಂತ ರಸ್ತೇಲೇ ಬಿದ್ದು ಹೊರಳಾಡ್ತಿದ್ರು. ನಲವತ್ತು ನಿಮಿಷ ಆದ್ಮೇಲೆ ಗೊತ್ತಾಯ್ತು, ಆ ಮಗೂನ ಅದರ ಚಿಕ್ಕಪ್ಪ ಮೊದಲೇ ಬಂದು ಬೈಕಲ್ಲಿ ಮನೆಗೆ ಕರ್ಕೊಂಡು ಹೋಗಿದ್ರು, ಗಾಬರೀಲಿ ಯಾರಿಗೂ ಹೇಳಿರ್ಲಿಲ್ಲ. ಅವರದ್ದು ತಪ್ಪು ಅನ್ನೋಕಾಗಲ್ಲ, ಹೇಳಬೇಕಿದ್ರೂ ಯಾರಿಗೆ ಹೇಳ್ಬೇಕಿತ್ತು? ಬರ್ಕೊಳ್ಳೋರೇ ಇರ್ಲಿಲ್ಲ.

ರಾತ್ರಿ ಅಪ್ಪ ಊಟ ಮಾಡ್ಲಿಲ್ಲ. "ನಂಗೆ ಐವತ್ತು ಜನ ಇದ್ರೂ ವೇಬಿಲ್, ಅದೇ ಟಿಕೆಟ್ ಲೆಕ್ಕದ ಹಾಳೆ, ನೋಡಿದ್ರೆ ಯಾವ ಸ್ಟೇಜಲ್ಲಿ ಎಷ್ಟು ಜನ ಹತ್ತಿದ್ರು ಅಂತ ಗೊತ್ತಾಗ್ತಿತ್ತು, ಚೆಕಿಂಗ್‌ನವರು ಬಂದ್ರೆ ಒಂದು ತಲೆ ಹೆಚ್ಚಿದ್ರೂ ನನ್ನ ಮೇಲೆ ಕೇಸ್. ಇಲ್ಲಿ ಮಕ್ಕಳ ಲೆಕ್ಕ ಇಲ್ಲವಲ್ಲ" ಅಂದ್ರು. ನನಗೆ ಆ ಮಾತು ತಲೇಲಿ ಕೂತುಬಿಡ್ತು. ಹತ್ತು ರೂಪಾಯಿ ಟಿಕೆಟ್ಟಿಗೆ ಇರೋ ಲೆಕ್ಕ ವರ್ಷಕ್ಕೆ ಸಾವಿರಗಟ್ಲೆ ಬಸ್ ಫೀಸ್ ಕಟ್ಟೋ ಮಗೂಗೆ ಇಲ್ಲ.

ಇನ್ನೊಂದು, ಎಮರ್ಜೆನ್ಸಿ ಡೋರ್. ಹಿಂದುಗಡೆ ಇತ್ತು, ಕೆಂಪು ಅಕ್ಷರದಲ್ಲಿ ಬರೆದೂ ಇತ್ತು. ಆದ್ರೆ ಅದರ ಮುಂದೆ ಬೆಂಚ್ ತರದ್ದೊಂದು ಹೆಚ್ಚುವರಿ ಸೀಟ್ ಹಾಕಿ, ಅದರ ಮೇಲೆ ಬ್ಯಾಗ್ ರಾಶಿ. ಹ್ಯಾಂಡಲ್ ತುಕ್ಕು ಹಿಡಿದಿತ್ತು. ಊರಿನ ಹುಡುಗರು ಹಿಂದಿನ ಗ್ಲಾಸ್ ಒಡೆದು ಮಕ್ಕಳನ್ನ ಎತ್ಕೊಂಡ್ರು. ಅಲ್ಲಿ ಬೆಂಕಿ ಇರ್ಲಿಲ್ಲ ಅಂತ ಬಚಾವು. 2025ರ ಡಿಸೆಂಬರ್ 25ರ ಬೆಳಗಿನ ಜಾವ ಹಿರಿಯೂರು ಹತ್ರ ಹೈವೇಲಿ ಲಾರಿ ಗುದ್ದಿ ಸ್ಲೀಪರ್ ಬಸ್ ಹೊತ್ತಿ ಉರೀತಲ್ಲ, ಒಳಗಿದ್ದೋರಿಗೆ ಹೊರಗೆ ಬರೋಕೆ ಎಷ್ಟು ಟೈಮ್ ಸಿಕ್ಕಿರುತ್ತೆ ಯೋಚನೆ ಮಾಡಿ. ಅಮೆರಿಕದ ಕೆಂಟಕಿ ರಾಜ್ಯದ ಕ್ಯಾರೊಲ್ಟನ್ ಅನ್ನೋ ಊರ ಹತ್ರ 1988ರ ಮೇ 14ರಂದು ಹಿಂಗೇ ಆಗಿತ್ತು. ಅದು ಮೊದಲು ಸ್ಕೂಲ್ ಬಸ್ ಆಗಿದ್ದು ಆಮೇಲೆ ಚರ್ಚ್‌ನವರು ಇಟ್ಕೊಂಡಿದ್ದ ಗಾಡಿ, ಕುಡಿದು ರಾಂಗ್ ಸೈಡಲ್ಲಿ ಬಂದ ಪಿಕಪ್ ಗುದ್ದಿ ಬೆಂಕಿ ಹತ್ತಿತು. ಸತ್ತಿದ್ದು 27 ಜನ, ಹೆಚ್ಚಿನವರು ಮಕ್ಕಳು. ಡಿಕ್ಕಿಯ ಏಟಿಗೆ ಸತ್ತಿದ್ದಲ್ಲ, ಹೊಗೆ ಮತ್ತೆ ಬೆಂಕಿಯಿಂದ. ಹಿಂದಿನ ಬಾಗಿಲಿಗೆ ಹೋಗೋ ದಾರೀಲಿ ಐಸ್ ಬಾಕ್ಸ್ ಅಡ್ಡ ಇತ್ತು. ಆಮೇಲೆ ಆ ರಾಜ್ಯದಲ್ಲಿ ಸ್ಕೂಲ್ ಬಸ್ಸುಗಳಿಗೆ ಎಮರ್ಜೆನ್ಸಿ ದಾರಿಗಳನ್ನ ಹೆಚ್ಚು ಮಾಡಿದ್ರು. ನಾನು ಅದನ್ನ ಓದಿದ ರಾತ್ರಿ ನಮ್ಮ ಬಸ್ಸಿನ ಬೆಂಚೇ ಕಣ್ಣ ಮುಂದೆ ಬರ್ತಿತ್ತು.

ಈಗ ಸ್ಕೂಲಿನವರು ಏನ್ ಮಾಡಿದ್ರು ಹೇಳ್ತೀನಿ. ಆರು ಗಂಟೆ ಹತ್ತು ನಿಮಿಷಕ್ಕೆ ವಾಟ್ಸಾಪ್ ಗ್ರೂಪಲ್ಲಿ "ತಾಂತ್ರಿಕ ಕಾರಣದಿಂದ ರೂಟ್ 7ರ ಬಸ್ ತಡವಾಗಲಿದೆ, ಪೋಷಕರು ಸಹಕರಿಸಬೇಕು" ಅಂತ ಮೆಸೇಜ್, ಅದೂ ನಾವು ಯಾರೂ ರಿಪ್ಲೈ ಮಾಡೋಕಾಗದ ಗ್ರೂಪು. ಆ ಹೊತ್ತಿಗೆ ಕೈ ಮುರಿದ ಹುಡುಗ ಆಸ್ಪತ್ರೇಲಿದ್ದ. ಮಾರನೇ ದಿನ ಮೀಟಿಂಗ್ ಕರೆದು ಡ್ರೈವರ್‌ನ ತೆಗೆದುಹಾಕಿದೀವಿ ಅಂದ್ರು, ಕೆಲವು ಪೋಷಕರು ಚಪ್ಪಾಳೆ ಹೊಡೆದ್ರು. ಒಂಬತ್ತು ದಿನಕ್ಕೆ ಬಸ್ಸು ಹೊಸ ಪೇಂಟ್ ಹೊಡಿಸ್ಕೊಂಡು ಅದೇ ರೂಟಿಗೆ ಬಂತು, ಬೆಂಚ್ ಸಮೇತ.

ನಾನು ಚಪ್ಪಾಳೆ ಹೊಡೀಲಿಲ್ಲ. ಆ ಡ್ರೈವರ್ ಅಣ್ಣ ಓಡಿಹೋಗಿರ್ಲಿಲ್ಲ. ಜನ ಸೇರಿ ಹೊಡೀತಾರೆ ಅನ್ನೋ ಭಯ ಇದ್ರೂ ತನ್ನ ಹಣೇಲಿ ರಕ್ತ ಸೋರ್ತಿದ್ರೂ ಕೊನೇ ಮಗು ಇಳಿಯೋವರೆಗೂ ಅಲ್ಲೇ ಇದ್ರು, 108ಕ್ಕೆ ಫೋನ್ ಮಾಡಿದ್ದೂ ಅವರೇ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಡ್ರೈವರ್‌ಗೆ ಹೇಳೋದೂ ಇದನ್ನೇ, ಗಾಯ ಆದೋರಿಗೆ ಚಿಕಿತ್ಸೆ ಸಿಗೋ ಹಾಗೆ ಮಾಡು, ಪೊಲೀಸರಿಗೆ ತಿಳಿಸು ಅಂತ. ಜನ ರೊಚ್ಚಿಗೆದ್ದೋ ಕೈಮೀರಿದ ಬೇರೆ ಕಾರಣಕ್ಕೋ ಆಗದೇ ಹೋದ್ರೆ ಮಾತ್ರ ವಿನಾಯ್ತಿ ಇದೆ. ಆ ಮನುಷ್ಯ ವಿನಾಯ್ತಿ ತಗೊಳ್ಳಲಿಲ್ಲ, ಕೆಲಸ ಕಳ್ಕೊಂಡ್ರು.

ಸ್ಪೀಡಲ್ಲಿದ್ರು ಅಂತ ಹೇಳ್ತಾರೆ, ಇರಬಹುದು. ಹಂಗಾದ್ರೆ ನಾನು ಕುಂತು ಮಾಡಿದ ಲೆಕ್ಕ ಕೇಳಿ. ಆ ಟ್ರಿಪ್ 26 ಕಿಲೋಮೀಟರ್, 19 ಸ್ಟಾಪ್, ಸ್ಕೂಲಿನವರು ಕೊಟ್ಟಿರೋ ಟೈಮ್ 45 ನಿಮಿಷ, ಯಾಕಂದ್ರೆ ಆ ಗಾಡಿ ವಾಪಸ್ ಹೋಗಿ ಇನ್ನೊಂದು ಟ್ರಿಪ್ ಹೊಡೀಬೇಕು. ಒಂದು ಸ್ಟಾಪಿಗೆ ಒಂದು ನಿಮಿಷ ಅಂದ್ರೂ 19 ನಿಮಿಷ ಹೋಯ್ತು. ಉಳಿದ 26 ನಿಮಿಷದಲ್ಲಿ 26 ಕಿಲೋಮೀಟರ್, ಅಂದ್ರೆ ಗಂಟೆಗೆ 60. 1997ರಲ್ಲಿ ದೆಹಲಿ ಟ್ರಾಫಿಕ್ ವಿಚಾರವಾಗಿ ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಕೂಲ್ ಬಸ್ಸಿಗೆ ಹಾಕಿದ ಮಿತಿ ಗಂಟೆಗೆ 40. ಜೋಳ ಹರಡಿದ ರಸ್ತೇಲಿ 60ರಲ್ಲಿ ಓಡಿಸು ಅಂತ ಟೈಮ್‌ಟೇಬಲ್ ಬರೆದೋರು ಯಾರು? ಅವರನ್ನ ಯಾರೂ ತೆಗೀಲಿಲ್ಲ. ಹೊಸ ಡ್ರೈವರ್‌ಗೂ ಅದೇ 45 ನಿಮಿಷ. ನಮ್ಮಪ್ಪ ಹೇಳೋ ಪ್ರಕಾರ ಸರ್ಕಾರಿ ಬಸ್ಸಿಗೆ ಆಕ್ಸಿಡೆಂಟ್ ಆದ್ರೆ ಡಿಪೋದಲ್ಲಿ ಡ್ರೈವರ್ ಕಂಡಕ್ಟರ್ ಇಬ್ರ ಹೇಳಿಕೆ ತಗೊಂಡು, ಜಾಗದ ನಕ್ಷೆ ಬರೆದು, ಗಾಡಿ ಬ್ರೇಕ್ ಟೈರ್ ಎಲ್ಲ ನೋಡ್ತಿದ್ರಂತೆ. ಇಲ್ಲಿ ಆ ಡ್ರೈವರ್‌ನ ಕೂರಿಸಿ ಏನಾಯ್ತಪ್ಪ ಅಂತ ಕೇಳಿದೋರು ಒಬ್ರೂ ಇಲ್ಲ. ಆ ಜಾಗದಲ್ಲಿ ಮಣ್ಣು ಕುಸೀತಿದೆ ಅಂತ ಅವರು ಮಳೆಗಾಲದಲ್ಲೇ ಎರಡು ಸಲ ಹೇಳಿದ್ರಂತೆ, ಆಯಾನೇ ನನಗೆ ಹೇಳಿದ್ದು. ಯಾರೂ ಬರೆದಿಟ್ಟಿಲ್ಲ.

ಮಕ್ಕಳನ್ನ ಎತ್ಕೊಂಡ ಹುಡುಗರ ಬಗ್ಗೆಯೂ ಹೇಳ್ಲೇಬೇಕು. ಅದರಲ್ಲಿ ಇಬ್ರು ಆಸ್ಪತ್ರೆ ಗೇಟಿಂದ ಒಳಗೆ ಬರೋಕೆ ಹೆದರಿದ್ರು, ಪೊಲೀಸ್ ಸಾಕ್ಷಿ ಅಂತ ಓಡಾಡಿಸ್ತಾರೆ ಅಂತ. ತಮ್ಮಂದಿರಾ, 2016ರಲ್ಲೇ ಸುಪ್ರೀಂ ಕೋರ್ಟ್ ಸಹಾಯ ಮಾಡೋರಿಗೆ ರಕ್ಷಣೆ ಕೊಟ್ಟಿದೆ, 2019ರ ತಿದ್ದುಪಡೀಲಿ ಅದು ಮೋಟಾರು ವಾಹನ ಕಾಯ್ದೆಗೇ ಸೇರಿದೆ, ನಿಮ್ಮ ಹೆಸರು ಹೇಳು ಅಂತ ಯಾರೂ ಬಲವಂತ ಮಾಡೋ ಹಂಗಿಲ್ಲ. ಆಮೇಲೆ 2025ರ ಮೇನಿಂದ ರಸ್ತೆ ಅಪಘಾತದಲ್ಲಿ ಗಾಯ ಆದೋರಿಗೆ 7 ದಿನದವರೆಗೆ ಒಂದೂವರೆ ಲಕ್ಷದವರೆಗೂ ಕ್ಯಾಶ್‌ಲೆಸ್ ಚಿಕಿತ್ಸೆ ಅಂತ ಕೇಂದ್ರದ ಸ್ಕೀಮ್ ಇದೆ. ಕೈ ಮುರಿದ ಹುಡುಗನ ಅಪ್ಪ ಹಮಾಲಿ ಮಾಡೋರು, ಅವರು ಅವತ್ತು ರಾತ್ರಿ ದುಡ್ಡಿಗೆ ಅಲೀತಿದ್ರು. ಸ್ಕೂಲಿನವರು ಒಂದು ಮಾತು ಹೇಳಿದ್ರೆ ಸಾಕಿತ್ತು.

ನಾವು ಹನ್ನೊಂದು ಜನ ಪೋಷಕರು ಹೋಗಿ ಅರ್ಜಿ ಕೊಟ್ವಿ. ಬೆಂಚ್ ತೆಗೀಬೇಕು, ಟ್ರಿಪ್ ಟೈಮ್ ಬದಲಾಗ್ಬೇಕು, ಗಾಡೀಲಿ ದಿನಾ ಮಕ್ಕಳ ಪಟ್ಟಿ ಇರಬೇಕು, ವರ್ಷಕ್ಕೆರಡು ಸಲ ಮಕ್ಕಳನ್ನ ಹಿಂದಿನ ಬಾಗಿಲಿಂದ ಇಳಿಸಿ ಅಭ್ಯಾಸ ಮಾಡಿಸಬೇಕು, ಆ ಡ್ರೈವರ್‌ನ ವಾಪಸ್ ಕರೆದು ಮಾತಾಡ್ಬೇಕು. ಬೆಂಚ್ ತೆಗೆದ್ರು. ಉಳಿದಿದ್ದು "ಮ್ಯಾನೇಜ್‌ಮೆಂಟ್ ಮುಂದೆ ಇಡ್ತೀವಿ" ಅಂದ್ರು, ಇನ್ನೂ ಅಲ್ಲೇ ಇದೆ, ನಾನು ಪ್ರತಿ ಸೋಮವಾರ ಹೋಗಿ ಕೇಳ್ತಿದೀನಿ, ಕೇಳ್ತಾನೇ ಇರ್ತೀನಿ.

ಪಟ್ಟಿಗೆ ಮಾತ್ರ ಅಪ್ಪ ಕಾಯಲಿಲ್ಲ. ಇನ್ನೂರು ಪೇಜಿನ ಲಾಂಗ್ ನೋಟ್‌ಬುಕ್ ತಂದು ಸ್ಕೇಲ್ ಇಟ್ಟು ವೇಬಿಲ್ ತರ ಗೀಟು ಹಾಕಿದ್ರು, ಎಡಗಡೆ ಸ್ಟಾಪು, ಪಕ್ಕದಲ್ಲಿ ಮಗು ಹೆಸರು, ಮನೆ ಫೋನ್ ನಂಬರ್, ಹತ್ತಿದ್ದು, ಇಳಿದಿದ್ದು. ಆಯಾಗೆ ಓದೋಕೆ ಅಷ್ಟು ಬರಲ್ಲ, ಅದಕ್ಕೆ ಪ್ರತಿ ಮಗೂಗೂ ಒಂದು ನಂಬರ್ ಕೊಟ್ಟಿದಾರೆ, ಟಿಕ್ ಹಾಕಿದ್ರೆ ಆಯ್ತು. ಮೊದಲೆರಡು ದಿನ ತಪ್ಪಾಯ್ತು, ಈಗ ಸರಿಯಾಗಿ ನಡೀತಿದೆ. ಸಂಜೆ ನಮ್ಮ ಸ್ಟಾಪಲ್ಲಿ ಅಪ್ಪ ನಿಂತಿರ್ತಾರೆ, ಆಯಾ ಕಿಟಕಿಯಿಂದ ಪುಸ್ತಕ ತೋರಿಸ್ತಾರೆ. ಇವತ್ತು ಬೆಳಿಗ್ಗೆ ಹತ್ತಿದ್ದು ಮೂವತ್ತಮೂರು, ಸಂಜೆ ಮೂವತ್ತೆರಡು. ನಂಬರ್ ಹದಿನೇಳರ ಎದುರು ಆಯಾ ಕಷ್ಟಪಟ್ಟು ಬರೆದಿದ್ರು, "ಜ್ವರ, ಮದ್ಯಾನ ಅಮ್ಮ ಕರ್ಕೊಂಡೋದ್ರು".