ಯಾರ ಜೀವಮಾನ ಸ್ವಾಮಿ?

"ದುಡ್ಡಿದ್ದೋರ ಗೋಳು" ಅಂತ ನಗೋರು ಮೊದಲು ನಕ್ಕುಬಿಡಿ, ಆಮೇಲೆ ಓದಿ. ನಾನೂ ಹಾಗೆ ನಕ್ಕವನೇ. ದೊಡ್ಡ ಎಸ್‌ಯುವಿ ಇಟ್ಟುಕೊಂಡವರು ಗೇರ್‌ಬಾಕ್ಸ್ ಹೋಯ್ತು, ಟ್ರಾನ್ಸ್‌ಫರ್ ಕೇಸ್ (ಇಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ) ಹೋಯ್ತು ಅಂತ ಅಲವತ್ತುಕೊಂಡರೆ, ಆನೆ ಸಾಕೋ ಮುಂಚೆ ಮೇವಿನ ಲೆಕ್ಕ ಹಾಕಬೇಕಿತ್ತು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಈಗ ಆ ಆನೆ ನನ್ನ ಹತ್ತಿರವೇ ಇದೆ. ನಾನು ಅದರ ಎರಡನೇ ಮಾಲೀಕ. ಕಂಪನಿ ಯಾವುದು ಅಂತ ಬರೆಯೋದಿಲ್ಲ, ಇನ್‌ಬಾಕ್ಸಿಗೆ ಬಂದು ಕೇಳಬೇಡಿ.

ಗಾಡಿ 94,000 ಕಿ.ಮೀ. ಓಡಿದ್ದಾಗ ಶುರುವಾಯ್ತು. ಗಂಟೆಗೆ 50-60ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಮೇಲೆ ಕಾಲು ಹಗುರಾಗಿ ಇಟ್ಟರೆ ಒಂದು ನಡುಕ. ರಸ್ತೆಗೆ ಅಡ್ಡ ಬಳಿದಿರುವ ದಪ್ಪ ಬಣ್ಣದ ಪಟ್ಟೆಗಳ ಮೇಲೆ ಹೋದ ಹಾಗೆ, ಎರಡೇ ಸೆಕೆಂಡು. ಕಾಲು ಜೋರಾಗಿ ಒತ್ತಿದರೂ ಮಾಯ, ಎತ್ತಿದರೂ ಮಾಯ. ಕೆಲವು ವಾರ ರಸ್ತೆಯನ್ನೇ ಬೈದೆ. ಆಮೇಲೆ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಬರುವಾಗ, ಮುಂದಿನ ಚಕ್ರವನ್ನು ಯಾರೋ ಹಿಡಿದುಕೊಂಡು ಫಕ್ಕನೆ ಬಿಟ್ಟ ಹಾಗೆ ಗಾಡಿ ತಡವರಿಸತೊಡಗಿತು. ಆಗ ರಸ್ತೆಯ ಮೇಲಿನ ಅನುಮಾನ ಬಿಟ್ಟೆ.

ಸರ್ವಿಸ್ ಸೆಂಟರಿಗೆ ಮೊದಲ ಸಲ ಹೋದಾಗ ವೀಲ್ ಬ್ಯಾಲೆನ್ಸಿಂಗ್ ಮಾಡಿ ಕಳಿಸಿದರು. ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್. ಮೂರನೇ ಸಲ ಟೆಸ್ಟ್ ಡ್ರೈವಿಗೆ ಒಬ್ಬ ಹುಡುಗ ಪಕ್ಕದಲ್ಲಿ ಕೂತ. ಗೇರ್‌ಬಾಕ್ಸ್ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಈ ನಡುಕ ಬರೋದು, ಅರ್ಧ ಗಂಟೆಯಾದರೂ ಓಡಿಸಬೇಕು ಅಂತ ಹೇಳಿದೆ. ಐದು ನಿಮಿಷಕ್ಕೇ "ಸಾಕು ಸರ್, ವಾಪಸ್ ಹೋಗೋಣ" ಅಂದ. ಜಾಬ್ ಕಾರ್ಡಿನಲ್ಲಿ ಒಂದೇ ಸಾಲು: ದೂರು ಕಂಡುಬಂದಿಲ್ಲ. ಸರ್ವಿಸ್ ಅಡ್ವೈಸರ್ ಬಾಯಿಮಾತಿನಲ್ಲಿ ಸಮಾಧಾನ ಹೇಳಿದರು, "ಈ ಮಾಡೆಲ್ ಎಲ್ಲಾ ಹೀಗೇ ಸರ್, ಇದರ ಗುಣವೇ ಇದು." ಕಂಡೇ ಬರದ ದೂರು ಎಲ್ಲಾ ಗಾಡಿಗಳ ಗುಣ ಹೇಗಾಗುತ್ತೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕಾಫಿ ಬಂತು.

ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಿದ್ದೀರಿ ಅಂತಲೂ ಅವತ್ತೇ ಕೇಳಿದೆ. "ಅದು ಲೈಫ್‌ಟೈಮ್ ಆಯಿಲ್ ಸರ್, ಬದಲಿಸೋ ಹಾಗಿಲ್ಲ."

ಈ ಲೈಫ್‌ಟೈಮ್ ಅನ್ನೋ ಪದದ ಮೇಲೆ ನನಗಿರೋ ಸಿಟ್ಟು ಗಾಡಿಯ ಮೇಲೂ ಇಲ್ಲ. ಯಾರ ಜೀವಮಾನ ಅದು? ಗಾಡಿಯದ್ದಾ, ಎಣ್ಣೆಯದ್ದಾ, ಇಲ್ಲಾ ವಾರಂಟಿಯದ್ದಾ? ಹಲವಾರು ದುಬಾರಿ ಕಾರುಗಳಿಗೆ 8 ಗೇರಿನ ಆಟೋಮ್ಯಾಟಿಕ್ ಮಾಡಿಕೊಡೋದು ಜರ್ಮನಿಯ ಜೆಡ್‌ಎಫ್ ಕಂಪನಿ. 2009ರಿಂದ ಅದರ 8ಎಚ್‌ಪಿ ಗೇರ್‌ಬಾಕ್ಸ್ ಬಳಕೆಯಲ್ಲಿದೆ. ಆ ಕಂಪನಿಯೇ ತನ್ನ ಗೇರ್‌ಬಾಕ್ಸುಗಳ ಎಣ್ಣೆಯನ್ನು 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತೆ. ಗೇರ್‌ಬಾಕ್ಸ್ ಮಾಡಿದವನು ಬದಲಿಸು ಅಂತಾನೆ, ಅದನ್ನು ಕೊಂಡು ಕಾರಿಗೆ ಜೋಡಿಸಿದವನು ಮುಟ್ಟಬೇಡ ಅಂತಾನೆ. ಇಬ್ಬರಲ್ಲಿ ಮಾತು ತಪ್ಪಿದರೆ ಖರ್ಚು ಯಾರಿಗೆ ಬೀಳುತ್ತೆ ಅನ್ನೋದನ್ನು ನೋಡಿದರೆ ಉಳಿದದ್ದು ತಾನಾಗೇ ಅರ್ಥವಾಗುತ್ತೆ. ಮೊದಲ ಮಾಲೀಕನಿಗೆ ಮೆಂಟೆನೆನ್ಸ್ ಕಮ್ಮಿ ಅಂತ ತೋರಿಸಬೇಕು, ಅವನು ಮೂರ್ನಾಲ್ಕು ವರ್ಷಕ್ಕೆ ಮಾರಿಬಿಡಬೇಕು. ಆಮೇಲೆ ಬರೋ ನನ್ನಂಥವನು ಅವರ ಲೆಕ್ಕದಲ್ಲೇ ಇಲ್ಲ.

ಈ ಗಾಡಿಗಳು ಎಣ್ಣೆಯನ್ನು ದುಡಿಸಿಕೊಳ್ಳೋ ರೀತಿ ಸಾಮಾನ್ಯದ್ದಲ್ಲ. ಎರಡು ಟನ್ನಿಗೂ ಮೀರಿದ ತೂಕ, ಅದನ್ನು ಎಳೆಯೋಕೆ 600 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್, ಅಂದರೆ ತಿರುಗಿಸೋ ಬಲ. ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋದು ಟಾರ್ಕ್ ಕನ್ವರ್ಟರ್. ಇಂಧನ ಉಳಿಸೋಕೆ ಅದರೊಳಗಿನ, ಎರಡನ್ನೂ ನೇರವಾಗಿ ಜೋಡಿಸೋ ಲಾಕ್‌ಅಪ್ ಕ್ಲಚ್ಚು ಕೆಳಗಿನ ಗೇರುಗಳಲ್ಲೇ ಹಿಡಿದುಕೊಳ್ಳುತ್ತೆ. ಪೂರ್ತಿ ಹಿಡಿದರೆ ಇಂಜಿನ್ನಿನ ಕಂಪನ ಒಳಗೆ ಕೂತವರಿಗೆ ತಟ್ಟೀತು ಅಂತ ಬೇಕೆಂದೇ ಚೂರು ಜಾರಲು ಬಿಡುತ್ತಾರೆ. ಆ ಜಾರಾಟ ನಯವಾಗಿರಬೇಕಾದರೆ ಎಣ್ಣೆಯ ಗುಣ ಸರಿಯಾಗಿರಬೇಕು. ಎಣ್ಣೆ ಹಳತಾದರೆ ಕ್ಲಚ್ಚು ಜಾರುತ್ತೆ, ಕಚ್ಚುತ್ತೆ, ಮತ್ತೆ ಜಾರುತ್ತೆ. ನನ್ನ ಎರಡು ಸೆಕೆಂಡಿನ ನಡುಕ ಅಂದರೆ ಇದೇ.

ಇನ್ನೊಂದು ಮಾತು, ಇದು ನನ್ನ ಸ್ವಂತ ತರ್ಕ. ನಾವು ಇಷ್ಟೊಂದು ಹಣ ಕೊಡೋದು ಒಳಗಿನ ನಿಶ್ಶಬ್ದಕ್ಕೆ. ಎರಡು ಪದರದ ಗಾಜು, ಎಲ್ಲಿ ನೋಡಿದರೂ ರಬ್ಬರ್ ಬುಷ್, ದಪ್ಪ ಕಾರ್ಪೆಟ್. ಸಣ್ಣ ಕಾರಾಗಿದ್ದರೆ ಬೇರಿಂಗ್ ಗೊಯ್ ಅನ್ನೋಕೆ ಶುರು ಮಾಡಿದ ವಾರವೇ ಗೊತ್ತಾಗುತ್ತಿತ್ತು. ಇಲ್ಲಿ ಅದು ಕಿವಿಗೆ ಬೀಳೋ ಹೊತ್ತಿಗೆ ಅರ್ಧ ಸವೆದಿರುತ್ತೆ. ಗಾಡಿ ಕೂಗೋದನ್ನು ಕೇಳಿಸಿಕೊಳ್ಳದೇ ಇರೋಕೆ ನಾವೇ ದುಡ್ಡು ಕೊಟ್ಟಿರುತ್ತೇವೆ.

ಕೊನೆಗೆ ಗುರುತಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಓಡಿಸಿ ನೋಡಿ, ಲಿಫ್ಟಿಗೆ ಏರಿಸಿ, ಟ್ರಾನ್ಸ್‌ಫರ್ ಕೇಸಿನ ಡ್ರೈನ್ ಬೋಲ್ಟ್ ಬಿಚ್ಚಿದರು. ಒಂದು ಲೀಟರು ಹಿಡಿದರೆ ಹೆಚ್ಚು, ಅಷ್ಟೇ ಎಣ್ಣೆ ಅದರಲ್ಲಿರೋದು. ಬಂದದ್ದು ಕಾಡಿಗೆಯಂಥ ಕಪ್ಪು, ಸುಟ್ಟ ವಾಸನೆ. ಬೆರಳಿಗೆ ಹಚ್ಚಿ ಟಾರ್ಚ್ ಹಿಡಿದರೆ ಮಿಣಮಿಣ ಹೊಳೆಯೋ ಲೋಹದ ಪುಡಿ. ಆಮೇಲೆ ಅದರ ಪಕ್ಕದ ಪುಟ್ಟ ಮೋಟಾರ್ ಬಿಚ್ಚಿ, ಒಳಗಿದ್ದ ಗೇರ್ ಚಕ್ರ ತೆಗೆದು ನನ್ನ ಅಂಗೈ ಮೇಲಿಟ್ಟರು. ಪ್ಲಾಸ್ಟಿಕ್! ಮುಂದಿನ ಚಕ್ರಗಳಿಗೆ ಎಷ್ಟು ಶಕ್ತಿ ಹೋಗಬೇಕು ಅಂತ ಕ್ಲಚ್ ಪ್ಲೇಟುಗಳನ್ನು ಒತ್ತಿಸೋ ಮೋಟಾರಿನದ್ದು ಅದು. ಪೂರ್ತಿ ಸುತ್ತು ಸುತ್ತೋದೇ ಇಲ್ಲ, ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಆಡ್ತಾ ಇರುತ್ತೆ. ಹಾಗಾಗಿ ಮುಕ್ಕಾಲು ಭಾಗದ ಹಲ್ಲುಗಳು ಅಂಗಡಿಯಿಂದ ಈಗ ತಂದಷ್ಟು ಹೊಸದು, ಉಳಿದ ಆರೇಳು ಹಲ್ಲು ಮುದುಕರ ವಸಡಿನ ಹಾಗೆ ಬೋಳು. "ಇದನ್ನೇ ಅರ್ಧ ಸುತ್ತು ತಿರುಗಿಸಿ ಕೂರಿಸಿದರೂ ಸ್ವಲ್ಪ ಕಾಲ ಓಡುತ್ತೆ ಸಾರ್, ಆದರೆ ಕ್ಲಚ್ ಪ್ಲೇಟೇ ಸುಟ್ಟಿದೆಯಲ್ಲ" ಅಂದರು.

ಸುಟ್ಟಿದ್ದು ಯಾಕೆ ಅಂತ ಕೇಳಿದೆ. ಅವರು ಮಾತಾಡದೆ ಟೈರ್ ಕಡೆ ಕೈ ತೋರಿಸಿದರು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದಿನ ವರ್ಷ ಮುಂದಿನ ಎರಡೇ ಟೈರ್ ಹೊಸದು ಹಾಕಿಸಿದ್ದೆ, ಹಿಂದಿನವು ಇನ್ನೂ ಚೆನ್ನಾಗಿವೆ ಅಂತ. ರಾತ್ರಿ ಕೂತು ಲೆಕ್ಕ ಹಾಕಿದೆ. 275/45 ಆರ್20 ಅಳತೆಯ ಟೈರ್ ಹೊಸದಿದ್ದಾಗ ಸುತ್ತಳತೆ ಸುಮಾರು 2.37 ಮೀಟರ್. 4 ಮಿ.ಮೀ. ಸವೆದರೆ 2.35 ಮೀಟರ್. ಇಷ್ಟೇ ವ್ಯತ್ಯಾಸಕ್ಕೆ ಸವೆದ ಚಕ್ರ ಒಂದು ಕಿ.ಮೀ.ಗೆ ನಾಲ್ಕೈದು ಸುತ್ತು ಹೆಚ್ಚು ತಿರುಗುತ್ತೆ. ಚಕ್ರಗಳಿಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟು ಚಕ್ರದ ಮೂರು ಪಟ್ಟಿಗೂ ಹೆಚ್ಚು ಸುತ್ತು ತಿರುಗುತ್ತೆ (ಡಿಫರೆನ್ಷಿಯಲ್ ಅನುಪಾತ ಅಂದರೆ ಇದೇ), ಹಾಗಾಗಿ ಅದರ ಲೆಕ್ಕಕ್ಕೆ ಬಂದರೆ ಹದಿನೈದರ ಹತ್ತಿರ. ನೂರು ಕಿ.ಮೀ. ಹೋದರೆ ಸುಮಾರು 1,500 ಸುತ್ತು! ಹಿಂದಿನ ಶಾಫ್ಟಿಗೂ ಮುಂದಿನ ಶಾಫ್ಟಿಗೂ ನಡುವಿನ ಈ ಜಗಳವನ್ನು ಆ ಒಂದು ಲೀಟರ್ ಎಣ್ಣೆಯಲ್ಲಿ ಮುಳುಗಿರೋ ಕ್ಲಚ್ಚು ದಿನವೂ ತಿಕ್ಕಾಡಿ ತೀರಿಸಬೇಕು. ನಾಲ್ಕೂ ಟೈರ್ ಒಟ್ಟಿಗೆ ಬದಲಿಸಿ ಅಂತ ಮ್ಯಾನುಯಲ್ಲಿನ ಮೂಲೆಯಲ್ಲಿ ಒಂದು ಸಾಲು ಇದೆಯಂತೆ. ಇತ್ತು, ಆಮೇಲೆ ಹುಡುಕಿ ಓದಿದೆ. ಆದರೆ ಮೂರು ಸಲ ಗಾಡಿ ನೋಡಿದ ಸರ್ವಿಸ್ ಸೆಂಟರಿನವರು, ಅದರಲ್ಲೂ ವೀಲ್ ಬ್ಯಾಲೆನ್ಸಿಂಗ್ ಅಂತ ನಾಲ್ಕೂ ಚಕ್ರ ಬಿಚ್ಚಿ ಹಾಕಿದವರು, ಟೈರ್ ಬಗ್ಗೆ ತುಟಿ ಬಿಚ್ಚಲಿಲ್ಲ. ಕೊಟೇಶನ್ ಕೇಳಿದ ದಿನ ಮಾತ್ರ ಫೋಟೋ ಸಮೇತ "ಮಾಲೀಕರ ನಿರ್ಲಕ್ಷ್ಯ" ಅಂತ ಬರೆದರು. ನನ್ನ ಪಾಲಿನ ತಪ್ಪು ನನ್ನದೇ, ಅದನ್ನು ಹೊರುತ್ತೇನೆ. ಎಣ್ಣೆಯ ಪಾಲನ್ನೂ ಪ್ಲಾಸ್ಟಿಕ್ ಹಲ್ಲಿನ ಪಾಲನ್ನೂ ನನ್ನ ತಲೆಗೆ ಕಟ್ಟೋದಕ್ಕೆ ಒಪ್ಪೋಲ್ಲ.

ಇದು ಒಬ್ಬನ ಕಥೆಯೇನಲ್ಲ, ಹೊಸದೂ ಅಲ್ಲ. 2000ದ ದಶಕದ ಮೊದಲ ತಲೆಮಾರಿನ ಪೋರ್ಷೆ ಕಯೆನ್‌ನಲ್ಲಿ ಉದ್ದನೆ ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗ್ ಹಿಡಿದಿಡೋ ರಬ್ಬರ್ ಹರಿದು, ಶಾಫ್ಟು ಗಾಡಿಯ ತಳಕ್ಕೆ ದಬದಬ ಬಡಿಯೋದು ಮಾಲೀಕರಿಗೆಲ್ಲ ಚೆನ್ನಾಗಿ ಗೊತ್ತಿದ್ದ ಕಾಯಿಲೆ. ಇಡೀ ಶಾಫ್ಟನ್ನೇ ಬದಲಿಸೋ ಖರ್ಚಿಗೆ ಹೆದರಿ ಕೆಲವರು ರಬ್ಬರ್ ಪೈಪಿನ ತುಂಡು ಕತ್ತರಿಸಿ, ಆ ಸಂದಿಗೆ ತುರುಕಿ, ಪ್ಲಾಸ್ಟಿಕ್ ಟೈ ಬಿಗಿದು ವರ್ಷಗಟ್ಟಲೆ ಓಡಿಸಿದರು. ಅಂಥಾ ಗಾಡಿ, ಇಂಥಾ ಔಷಧಿ.

ದೂರು ಕೊಡೋರಿಗೆ ಒಂದು ಮಾತು. "ಗೇರ್‌ಬಾಕ್ಸ್ ಸರಿಯಿಲ್ಲ" ಅಂತ ಹೇಳಿದರೆ ಅವರು ಬೇಗ ಕೈ ತೊಳೆದುಕೊಳ್ಳುತ್ತಾರೆ. ಎಷ್ಟನೇ ಗೇರು, ಎಷ್ಟು ವೇಗ, ಇಂಜಿನ್ ಎಷ್ಟು ಆರ್‌ಪಿಎಂ, ಎಷ್ಟು ಹೊತ್ತು ಓಡಿಸಿದ ಮೇಲೆ ಬರುತ್ತೆ ಅಂತ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಕೌಂಟರ್ ದಾಟೋದಿಲ್ಲ. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತೇ ಇರಬೇಕು, ಅವರ ಮಾತಲ್ಲ. ವಾರಂಟಿ ಇದ್ದಾಗ ಬರೆಸಿದ ದೂರಿಗೂ ಮುಗಿದ ಮೇಲೆ ಬರೆಸಿದ್ದಕ್ಕೂ ಇರೋ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ. ಮತ್ತೆ, ಟೆಸ್ಟ್ ಡ್ರೈವಿನಲ್ಲಿ ಸ್ಟೀರಿಂಗ್ ನಿಮ್ಮ ಕೈಲಿರಲಿ. ಐದು ನಿಮಿಷಕ್ಕೆ ವಾಪಸ್ ತಿರುಗಿಸಬೇಡಿ.

ನನ್ನ ಗಾಡಿಗೆ ಬೇರೆ ಟ್ರಾನ್ಸ್‌ಫರ್ ಕೇಸ್ ಕೂತಿದೆ, ಗೇರ್‌ಬಾಕ್ಸ್ ಎಣ್ಣೆಯನ್ನೂ ಹಠ ಹಿಡಿದು ಬದಲಿಸಿದ್ದಾಯ್ತು. ಅದರ ಫಿಲ್ಟರ್ರು ತಳದ ಪ್ಲಾಸ್ಟಿಕ್ ತಟ್ಟೆಯಲ್ಲೇ ಅಂಟಿಕೊಂಡಿರೋದರಿಂದ ತಟ್ಟೆಯನ್ನೇ ಹೊಸದು ಹಾಕಬೇಕಾಯ್ತು. ನಡುಕ ನಿಂತಿದೆ. ಟೈರ್ ನಾಲ್ಕೂ ಒಂದೇ ದಿನ ಹಾಕಿಸಿದ್ದು. ಆದರೂ ಪಾರ್ಕಿಂಗಿಗೆ ಬಂದು ಸ್ಟೀರಿಂಗ್ ಪೂರ್ತಿ ತಿರುಗಿಸೋ ಮುಂಚೆ ಮ್ಯೂಸಿಕ್ ಆರಿಸಿ, ಕಿಟಕಿ ಇಳಿಸಿ, ಕಿವಿಗೊಟ್ಟು ಕೂರೋದು ಅಭ್ಯಾಸವಾಗಿಬಿಟ್ಟಿದೆ. ಪಕ್ಕದಲ್ಲಿ ಕೂತ ಮಗಳು "ಅಪ್ಪಾ, ಏನು ಕೇಳಿಸ್ತಿದೆ?" ಅಂತಾಳೆ. ಏನೂ ಇಲ್ಲಮ್ಮ, ಅದನ್ನೇ ಕೇಳ್ತಿದ್ದೀನಿ ಅಂತೀನಿ.